ಹಳೆಯ ಚರ್ಮದ ಬೂಟು: ಲೆಕ್ಕಕ್ಕೆ ಸಿಗದ ಒಂದು ಆಸ್ತಿ

ಬಳ್ಳಾರಿಯ ಅನೇಕ ವರ್ತಕರ ಮನೆಗಳಲ್ಲಿ ಅಲ್ಮೇರಾದ ಕೆಳಗಿನ ಅಂತಸ್ತಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇರುತ್ತದೆ. ಅದರೊಳಗೆ ಕಪ್ಪು ಅಥವಾ ಕಂದು ಬಣ್ಣದ ಒಂದು ಜೊತೆ ಚರ್ಮದ ಬೂಟುಗಳು. ಮದುವೆಗೆಂದೋ, ಅಂಗಡಿಯ ಉದ್ಘಾಟನೆಗೆಂದೋ ಒಳ್ಳೆಯ ಬೆಲೆ ತೆತ್ತು ಕೊಂಡದ್ದು. ನಾಲ್ಕಾರು ಸಲ ಧರಿಸಿ ಎತ್ತಿಟ್ಟದ್ದು. ಹತ್ತು ಹದಿನೈದು ವರ್ಷಗಳ ನಂತರ ಮಗನ ಮದುವೆಯ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಬೂಟಿನ ಮೇಲ್ಭಾಗ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿರುತ್ತದೆ. ಇಲ್ಲವೇ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅಟ್ಟೆ ಪುಡಿಪುಡಿಯಾಗಿ ಉದುರುತ್ತದೆ. ಗಡಿಬಿಡಿಯಲ್ಲಿ ಅಂಗಡಿಗೆ ಓಡಿ ಸಿಕ್ಕಿದ್ದನ್ನು ಸಿಕ್ಕ ಬೆಲೆಗೆ ಕೊಳ್ಳಬೇಕಾಗುತ್ತದೆ. ಈ ನಷ್ಟ ಯಾವ ಖಾತೆಯಲ್ಲಿಯೂ ದಾಖಲಾಗುವುದಿಲ್ಲ. ಆದರೆ ನಷ್ಟ ನಷ್ಟವೇ.

ವ್ಯಾಪಾರದಲ್ಲಿರುವವರಿಗೆ ಸವಕಳಿ ಹೊಸ ಮಾತಲ್ಲ. ಬಳಸಿದರೂ ವಸ್ತು ಸವೆಯುತ್ತದೆ, ಬಳಸದೆ ಇಟ್ಟರೂ ಸವೆಯುತ್ತದೆ. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರು ಭತ್ತದ ಹಂಗಾಮು ಬರುವ ಮೊದಲೇ ಬೇರಿಂಗುಗಳಿಗೆ ಗ್ರೀಸು ತುಂಬಿಸುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಡುವುದು ದಿನದ ಮೊದಲ ಕೆಲಸ. ಯಂತ್ರದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವವರೇ ತಮ್ಮ ಸ್ವಂತ ಪಾದರಕ್ಷೆಯ ವಿಷಯದಲ್ಲಿ ಅದನ್ನು ಮರೆಯುವುದು ಸೋಜಿಗ. ಹಳೆಯ ಚರ್ಮದ ಬೂಟು ಹಾಳಾಗುವುದು ಹಳತಾದುದರಿಂದಲ್ಲ, ಆರೈಕೆ ಇಲ್ಲದುದರಿಂದ. ಈ ಆರೈಕೆ ಮನೆಯ ಉಳಿತಾಯಕ್ಕೆ ಮಾತ್ರವಲ್ಲ, ಊರಿನ ಪಾದರಕ್ಷೆ ವ್ಯಾಪಾರಕ್ಕೂ ರಸ್ತೆಬದಿಯ ದುರಸ್ತಿಗಾರನ ಬದುಕಿಗೂ ಸಂಬಂಧಿಸಿದ್ದು.

ಚರ್ಮವೆಂಬ ಸರಕು

ಚರ್ಮವು ಸೂಕ್ಷ್ಮವಾದ ನಾರುಗಳ ಹೆಣಿಗೆ. ಹದ ಮಾಡುವಾಗ ಈ ನಾರುಗಳ ನಡುವೆ ಎಣ್ಣೆಯ ಅಂಶವನ್ನು ಸೇರಿಸಲಾಗುತ್ತದೆ. ನಡೆಯುವಾಗ ಬೂಟು ಮಡಿಚಿದರೂ ನಾರುಗಳು ಒಂದರ ಮೇಲೊಂದು ಜಾರಿ ಮತ್ತೆ ಸ್ವಸ್ಥಾನಕ್ಕೆ ಬರುವುದು ಈ ಎಣ್ಣೆಯಿಂದ ಮತ್ತು ಚರ್ಮದಲ್ಲಿ ಸಹಜವಾಗಿ ಉಳಿದಿರುವ ತೇವದಿಂದ. ಎರಡೂ ಆರಿದಾಗ ನಾರುಗಳು ಜಾರುವುದಿಲ್ಲ, ಮುರಿಯುತ್ತವೆ. ಹಾಗೆ ಮುರಿದುದೇ ಕಣ್ಣಿಗೆ ಬಿರುಕಾಗಿ ಕಾಣುತ್ತದೆ. ಮುರಿದ ನಾರನ್ನು ಯಾವ ಕ್ರೀಮೂ ಕೂಡಿಸಲಾರದು. ಆದುದರಿಂದ ಆರೈಕೆ ಎನ್ನುವುದು ಬಿರುಕಿಗೆ ಮುಂಚೆ ಆಗಬೇಕಾದ ಕೆಲಸ.

ಈ ವಿದ್ಯೆಗೂ ಬಯಲುಸೀಮೆಗೂ ಇರುವ ನಂಟು ಹಳೆಯದು. ದಾರಿಯ ಅಂಚಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ, ಇವು ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ತಲೆಮಾರುಗಳಿಂದ ಬಳಕೆಯಾದ ವಸ್ತುಗಳು. ತಂಗಡಿ ತೊಗಟೆಯಲ್ಲಿ ಹದಗೊಂಡ ಚರ್ಮ ಮದರಾಸಿನಿಂದ ಇಂಗ್ಲೆಂಡಿಗೆ ರಫ್ತಾಗುತ್ತಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಬೂಟುಗಳಿಗೂ ಅದು ಬೇಕಾಯಿತು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸ್ ರಾಜ್ಯದಲ್ಲಿಯೇ ಇದ್ದ ಜಿಲ್ಲೆ. ಇಂದು ಬೂಟಿನ ಮೇಲ್ಭಾಗದ ಚರ್ಮ ಬಹುಮಟ್ಟಿಗೆ ಕ್ರೋಮ್ ಲವಣದಿಂದ ಹದವಾಗುತ್ತದೆ. ಅಟ್ಟೆಯ ಚರ್ಮಕ್ಕೆ ಇಂದಿಗೂ ತೊಗಟೆಯ ಹದವೇ ಹೆಚ್ಚು. ಹದ ಯಾವುದಾದರೂ ಎಣ್ಣೆ ಮತ್ತು ತೇವದ ಅಗತ್ಯ ತಪ್ಪದು.

ಚರ್ಮದಂತೆ ಕಾಣುವುದೆಲ್ಲವೂ ಚರ್ಮವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಬೂಟಿಗೆ ಎಷ್ಟು ಕ್ರೀಮು ಸವರಿದರೂ ಒಳಗೆ ಇಳಿಯುವುದಿಲ್ಲ. ಇನ್ನು ಅಟ್ಟೆಯ ಮಾತು. ಪಿ.ಯು. ಎಂದು ಕರೆಯುವ ಹಗುರವಾದ ಅಟ್ಟೆಗಳು ಗಾಳಿಯ ತೇವದೊಂದಿಗೆ ನಿಧಾನವಾಗಿ ರಾಸಾಯನಿಕ ಕ್ರಿಯೆಗೊಳಗಾಗಿ ಕೆಲವು ವರ್ಷಗಳಲ್ಲಿ ತಾವಾಗಿಯೇ ಪುಡಿಯಾಗುತ್ತವೆ. ಧರಿಸದೆ ಪೆಟ್ಟಿಗೆಯಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಮದುವೆಯ ದಿನ ಅಟ್ಟೆ ಉದುರುವ ರಹಸ್ಯ ಇದೇ. ಹೊಲಿಗೆ ಹಾಕಿದ ಚರ್ಮದ ಅಟ್ಟೆಗೆ ಈ ರೋಗವಿಲ್ಲ. ಸವೆದರೆ ಬಿಚ್ಚಿ ಹೊಸದನ್ನು ಹೊಲಿಯಬಹುದು. ಕೊಳ್ಳುವಾಗ ಮೇಲಿನ ಹೊಳಪಿಗಿಂತ ಅಟ್ಟೆಯ ಅಂಚಿನ ಹೊಲಿಗೆಯನ್ನು ನೋಡುವುದು ಜಾಣತನ.

ಬಳ್ಳಾರಿಯ ಬಿಸಿಲು ಮತ್ತು ಧೂಳು

ಮಲೆನಾಡಿನಲ್ಲಿ ಚರ್ಮದ ಶತ್ರು ಬೂಷ್ಟು. ಬಳ್ಳಾರಿಯಲ್ಲಿ ಶತ್ರು ಒಣ ಹವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಚರ್ಮದ ತೇವ ಬಹುಬೇಗ ಆರುತ್ತದೆ. ಕನಕ ದುರ್ಗಮ್ಮನ ಗುಡಿಯ ಮುಂದೆ, ಕುರುಗೋಡಿನ ದೊಡ್ಡ ಬಸವೇಶ್ವರನ ಸನ್ನಿಧಿಯಲ್ಲಿ, ಮದುವೆ ಮಂಟಪದ ಮೆಟ್ಟಿಲಲ್ಲಿ ಬೂಟುಗಳನ್ನು ಗಂಟೆಗಟ್ಟಲೆ ಬಿಸಿಲಲ್ಲಿ ಬಿಡುವುದು ಸಾಮಾನ್ಯ. ನೆರಳು ನೋಡಿ ಬಿಟ್ಟರೆ ಖರ್ಚಿಲ್ಲದೆ ಅರ್ಧ ಆರೈಕೆ ಆದಂತೆಯೇ.

ಎರಡನೆಯದು ಧೂಳು. ಸಂಡೂರಿನ ಕಡೆಯ ರಸ್ತೆಗಳಲ್ಲಿ ಅದಿರಿನ ಕೆಂಪು ಹುಡಿ ಬೂಟಿನ ಮಡಿಕೆಗಳಲ್ಲಿ ಸೇರಿ ಪ್ರತಿ ಹೆಜ್ಜೆಗೂ ಮರಳು ಕಾಗದದಂತೆ ಉಜ್ಜುತ್ತದೆ. ಅದನ್ನು ಒರೆಸದೆ ಮೇಲೆಯೇ ಪಾಲಿಷ್ ಹಚ್ಚಿದರೆ ಧೂಳನ್ನು ಚರ್ಮದೊಳಗೆ ಅರೆದಂತಾಗುತ್ತದೆ. ಸಿರುಗುಪ್ಪದ ಕಾಲುವೆ ಬಯಲಿನ ಎರೆಮಣ್ಣು ಇನ್ನೊಂದು ಬಗೆ. ಹಸಿಯಾಗಿ ಅಂಟಿ, ಒಣಗುವಾಗ ಚರ್ಮದ ತೇವವನ್ನೂ ಎಳೆದುಕೊಳ್ಳುತ್ತದೆ. ಅಟ್ಟೆಗೆ ಬಡಿದ ಸಾಧಾರಣ ಕಬ್ಬಿಣದ ಮೊಳೆ ನೀರು ತಾಗಿ ತುಕ್ಕು ಹಿಡಿದರೆ ತೊಗಟೆಯಲ್ಲಿ ಹದವಾದ ಚರ್ಮದ ಮೇಲೆ ಕಪ್ಪು ಕಲೆ ಮೂಡುತ್ತದೆ. ಬಳ್ಳಾರಿಗೇ ವಿಶೇಷವಾದ ಇನ್ನೊಂದು ಸಂಗತಿ ಜೀನ್ಸ್. ಒಗೆಯದ ಹೊಸ ಜೀನ್ಸಿನ ನೀಲಿ ತಿಳಿಗಂದು ಬೂಟಿನ ಮೇಲ್ಭಾಗಕ್ಕೆ ಹತ್ತಿದರೆ ತೆಗೆಯುವುದು ಕಷ್ಟ. ಊರಿನ ಹೆಮ್ಮೆಯ ಸರಕಾದರೂ ಮೊದಲು ಒಮ್ಮೆ ಒಗೆದು ಅನಂತರ ಇಂಥ ಬೂಟಿನೊಂದಿಗೆ ಧರಿಸುವುದು ಲೇಸು.

ಆರೈಕೆಯ ಕ್ರಮ

ಬಹುಕಾಲ ಪೆಟ್ಟಿಗೆಯಲ್ಲಿದ್ದ ಬೂಟನ್ನು ಹೊರತೆಗೆದವರು ಮೊದಲು ಮಾಡುವ ತಪ್ಪು ಅದನ್ನು ಕೂಡಲೇ ಧರಿಸಿ ನೋಡುವುದು. ಒಣಗಿದ ಚರ್ಮ ಮಡಿಚಿದ ಕ್ಷಣದಲ್ಲಿಯೇ ಮುರಿಯುತ್ತದೆ. ಆರೈಕೆ ಮೊದಲು, ನಡಿಗೆ ನಂತರ.

ಲೇಸು ಬಿಚ್ಚಿ, ಒಳಗೆ ಮರದ ಅಚ್ಚನ್ನು ಅಥವಾ ಅದಿಲ್ಲದಿದ್ದರೆ ಬಿಳಿಯ ಕಾಗದದ ಉಂಡೆಗಳನ್ನು ತುಂಬಿ ಆಕಾರ ನಿಲ್ಲಿಸಬೇಕು. ಮೃದುವಾದ ಬ್ರಷ್‌ನಿಂದ ಮಡಿಕೆಗಳಲ್ಲಿನ, ಅಟ್ಟೆಯ ಅಂಚಿನಲ್ಲಿನ ಧೂಳನ್ನು ತೆಗೆಯಬೇಕು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಲು ಬಿಡಬೇಕು. ಬಿಸಿಲು, ಒಲೆಯ ಶಾಖ, ಕೂದಲು ಒಣಗಿಸುವ ಯಂತ್ರ, ಇವು ಮೂರೂ ವರ್ಜ್ಯ. ಕಲೆ ತೆಗೆಯಲು ಸೀಮೆಎಣ್ಣೆ, ಪೆಟ್ರೋಲು ಬಳಸುವವರಿದ್ದಾರೆ. ಅವು ಕಲೆಯೊಂದಿಗೆ ಚರ್ಮದ ಎಣ್ಣೆಯನ್ನೂ ತೆಗೆಯುತ್ತವೆ.

ಬಳಿಕ ಚರ್ಮಕ್ಕೆಂದೇ ತಯಾರಾದ ಕಂಡಿಷನರ್ ಕ್ರೀಮು. ಮೊದಲು ಕಾಣದ ಜಾಗದಲ್ಲಿ ಸ್ವಲ್ಪ ಹಚ್ಚಿ ಬಣ್ಣ ಬದಲಾಗುವುದೇ ಎಂದು ನೋಡಬೇಕು. ಕಡಲೆಕಾಳಿನಷ್ಟು ಕ್ರೀಮನ್ನು ಬಟ್ಟೆಗೆ ತೆಗೆದುಕೊಂಡು ತೆಳ್ಳಗೆ, ಸಮನಾಗಿ ಸವರಿ ಒಂದು ರಾತ್ರಿ ಬಿಡಬೇಕು. ತೀರಾ ಒಣಗಿದ ಬೂಟಾದರೆ ಒಂದೊಂದು ದಿನದ ಅಂತರದಲ್ಲಿ ಎರಡು ಮೂರು ಸಲ ತೆಳುವಾಗಿ ಹಚ್ಚಬೇಕೇ ಹೊರತು ಒಮ್ಮೆಲೇ ದಪ್ಪನಾಗಿ ಅಲ್ಲ. ಬೆಳೆಗೆ ನೀರು ಕೊಟ್ಟಂತೆ; ಹರಿಸಿದರೆ ವ್ಯರ್ಥ, ಹಿಂಗಿದರೆ ಸಾರ್ಥಕ. ಅದರ ಮೇಲೆ ಬಣ್ಣದ ಕ್ರೀಮ್ ಪಾಲಿಷ್, ಬ್ರಷ್‌ನಿಂದ ಉಜ್ಜಿ ಹೊಳಪು. ಡಬ್ಬಿಯ ಗಟ್ಟಿ ಮೇಣದ ಪಾಲಿಷ್ ಬೇಕಾದರೆ ತುದಿಗೆ ಮತ್ತು ಹಿಮ್ಮಡಿಗೆ ಮಾತ್ರ. ಮಡಿಚುವ ಜಾಗದಲ್ಲಿ ಮೇಣ ಸೀಳುತ್ತದೆ.

ಪಾಲಿಷ್ ಬೇರೆ, ಪೋಷಣೆ ಬೇರೆ ಎಂಬ ಭೇದವನ್ನು ಗಿರಾಕಿಗಳೂ ಅಂಗಡಿಯವರೂ ತಿಳಿಯಬೇಕಾಗಿದೆ. ಮೇಣ ಹೊಳಪು ಕೊಡುತ್ತದೆ, ನೀರನ್ನು ತಡೆಯುತ್ತದೆ. ಚರ್ಮದ ಹಸಿವನ್ನು ನೀಗುವುದಿಲ್ಲ. ಕ್ಷಣದಲ್ಲಿ ಮಿಂಚುವಂತೆ ಮಾಡುವ ಸ್ಪಂಜುಗಳದೂ ಇದೇ ಕಥೆ. ಮನೆಯ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯೂ ಉಂಟು. ಅದು ಕಾಲಕ್ರಮದಲ್ಲಿ ಕಮಟು ಹಿಡಿಯುತ್ತದೆ, ಧೂಳನ್ನು ಸೆಳೆಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿಳಿಯ ಪದರವಾಗಿ ಮೇಲೆ ಬರಬಹುದು. ಹರಳೆಣ್ಣೆ ದಪ್ಪ ಚರ್ಮದ ಮೆಟ್ಟುಗಳಿಗೆ ಒಗ್ಗುತ್ತದೆ. ತೆಳ್ಳನೆಯ ಬೂಟಿಗೆ ಹೆಚ್ಚಾದರೆ ಬಣ್ಣ ಕಪ್ಪಾಗಿ ಚರ್ಮ ಜೋಲು ಬೀಳುತ್ತದೆ. ಮಖಮಲ್ಲಿನಂಥ ಮೇಲ್ಮೈಯ ಸ್ವೇಡ್ ಚರ್ಮಕ್ಕೆ ಕ್ರೀಮು ಸಲ್ಲದು. ಒಣ ಬ್ರಷ್ ಸಾಕು.

ಎಷ್ಟು ಸಲ? ಅಪರೂಪಕ್ಕೆ ಧರಿಸುವ ಜೋಡಿಗೆ ಬಳ್ಳಾರಿಯ ಹವೆಯಲ್ಲಿ ವರ್ಷಕ್ಕೆ ಎರಡು ಬಾರಿ ಸಾಕು: ಬೇಸಿಗೆ ಬಲಿಯುವ ಮೊದಲು ಫೆಬ್ರವರಿಯಲ್ಲಿ ಒಮ್ಮೆ, ಹಿಂಗಾರು ಮಳೆ ಮುಗಿದ ಬಳಿಕ ನವೆಂಬರಿನಲ್ಲಿ ಒಮ್ಮೆ. ಹೆಚ್ಚು ಧರಿಸುವವರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಒಂದು ದಿನ ಧರಿಸಿದರೆ ಮರುದಿನ ಬಿಡುವು ಕೊಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿಯ ಬಟ್ಟೆಯ ಚೀಲದಲ್ಲಿಟ್ಟು ಆಗಾಗ ಗಾಳಿಗೆ ತೆಗೆಯಬೇಕು.

ಲಾಭನಷ್ಟದ ಲೆಕ್ಕ

ವರ್ತಕರಿಗೆ ಒಪ್ಪಿಗೆಯಾಗುವುದು ಅಂಕಿಗಳು. ಉದಾಹರಣೆಗೆ ಒಂದು ಲೆಕ್ಕ ನೋಡಬಹುದು. ತೆರಿಗೆ ಸೇರಿ 8,000 ರೂಪಾಯಿಗೆ ಹೊಲಿಗೆ ಅಟ್ಟೆಯ ಬೂಟು ಕೊಂಡು, ಪ್ರತಿವರ್ಷ 300 ರೂಪಾಯಿ ಆರೈಕೆಗೆ ಇಟ್ಟು, ಎರಡು ಸಲ 1,500 ರೂಪಾಯಿಯಂತೆ ಅಟ್ಟೆ ಬದಲಿಸಿ 15 ವರ್ಷ ಬಾಳಿಸಿದರೆ ಒಟ್ಟು 15,500 ರೂಪಾಯಿ. 2,400 ರೂಪಾಯಿಯ ಅಂಟು ಅಟ್ಟೆಯ ಜೋಡು ಎರಡೆರಡು ವರ್ಷಕ್ಕೊಂದರಂತೆ 15 ವರ್ಷಕ್ಕೆ ಎಂಟು ಬೇಕು. ಒಟ್ಟು 19,200 ರೂಪಾಯಿ. ಅಂತರ 3,700 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಮನೆಯಲ್ಲಿ ಈಗಾಗಲೇ ಇರುವ ಹಳೆಯ ಜೋಡಿನ ವಿಷಯ ಬೇರೆ. ಅದರ ಮೂಲಬೆಲೆ ಎಂದೋ ತೀರಿದೆ. ಮುಂದಿನ 15 ವರ್ಷಕ್ಕೆ ಲೆಕ್ಕ ಹಿಡಿಯಬೇಕಾದುದು 7,500 ರೂಪಾಯಿ ಮಾತ್ರ, ಅಂದರೆ ವರ್ಷಕ್ಕೆ 500 ರೂಪಾಯಿ.

ತೆರಿಗೆಯ ಏರ್ಪಾಡೂ ಇದೇ ಪಾಠವನ್ನು ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿ.ಎಸ್.ಟಿ. ಶೇ. 5, ಅದಕ್ಕೆ ಮೇಲ್ಪಟ್ಟು ಶೇ. 18. ಬೆಲೆ 2,500 ಆದರೆ ತೆರಿಗೆ 125 ರೂಪಾಯಿ. ಬೆಲೆ 2,600 ಆದರೆ ತೆರಿಗೆ 468 ರೂಪಾಯಿ. ಬೆಲೆಯಲ್ಲಿ ನೂರು ರೂಪಾಯಿ ಏರಿದರೆ ತೆರಿಗೆಯಲ್ಲಿ 343 ರೂಪಾಯಿ ಏರುತ್ತದೆ. ಸಾಮಾನ್ಯ ಕುಟುಂಬಗಳಿಗೆ ಅಗ್ಗದ ಪಾದರಕ್ಷೆ ಸಿಗಲೆಂಬ ಉದ್ದೇಶ ಸ್ವಾಗತಾರ್ಹ. ಆದರೆ ಹೊಲಿಗೆ ಅಟ್ಟೆಯ ಒಳ್ಳೆಯ ಚರ್ಮದ ಬೂಟು ಈ ಮಿತಿಯೊಳಗೆ ತಯಾರಾಗುವುದು ದುರ್ಲಭ. ತಯಾರಕರು ಮಿತಿಯ ಕೆಳಗೆ ಉಳಿಯಲು ಚರ್ಮದಲ್ಲಿಯೂ ಅಟ್ಟೆಯಲ್ಲಿಯೂ ಉಳಿತಾಯ ಮಾಡುವುದು ಸಹಜ. ತೆರಿಗೆ ಎಂದೋ ಪಾವತಿಯಾದ ಹಳೆಯ ಜೋಡಿನ ಮೌಲ್ಯ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಪಾದರಕ್ಷೆ ಅಂಗಡಿಯವರಿಗೂ ಒಂದು ಎಚ್ಚರಿಕೆಯ ಮಾತು. ಗೋದಾಮಿನಲ್ಲಿ ಉಳಿದ ಹಳೆಯ ದಾಸ್ತಾನನ್ನು ಕೊಂಡ ಬೆಲೆಗೇ ಲೆಕ್ಕದಲ್ಲಿ ತೋರಿಸುವ ಅಭ್ಯಾಸ ಅನೇಕರಲ್ಲಿದೆ. ಕೊಂಡ ಬೆಲೆ ಅಥವಾ ಮಾರಿದರೆ ಬರುವ ನಿವ್ವಳ ಬೆಲೆ, ಎರಡರಲ್ಲಿ ಕಡಿಮೆಯಾದುದೇ ದಾಸ್ತಾನಿನ ಮೌಲ್ಯ ಎಂಬುದು ಲೆಕ್ಕಶಾಸ್ತ್ರದ ನಿಯಮ. ಹಲವು ವರ್ಷ ಕುಳಿತ ಪಿ.ಯು. ಅಟ್ಟೆಯ ಮಾಲು ಮಾರಾಟವಾದ ವಾರದಲ್ಲಿಯೇ ಉದುರಿದರೆ ಹೋಗುವುದು ಆ ಜೋಡಿನ ಬೆಲೆ ಮಾತ್ರವಲ್ಲ, ಗಿರಾಕಿಯ ವಿಶ್ವಾಸವೂ ಹೌದು. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು, ವರ್ಷ ನೋಡಿ ಮೊದಲು ಬಂದುದನ್ನು ಮೊದಲು ಮಾರುವುದು ಕ್ಷೇಮ.

ಆಕ್ಷೇಪ ಮತ್ತು ಉತ್ತರ

ಬಳ್ಳಾರಿಯ ಸೆಖೆಯಲ್ಲಿ ಚರ್ಮದ ಬೂಟು ಯಾರಿಗೆ ಬೇಕು, ಚಪ್ಪಲಿ ಸಾಲದೇ ಎಂದು ಕೇಳುವವರಿದ್ದಾರೆ. ದಿನನಿತ್ಯಕ್ಕೆ ಚಪ್ಪಲಿಯೇ ಸರಿ. ಗದ್ದೆಗೂ ಗಿರಣಿಗೂ ರಬ್ಬರಿನದೇ ಸರಿ. ಧರ್ಮಶ್ರದ್ಧೆಯಿಂದ ಚರ್ಮವನ್ನು ತ್ಯಜಿಸಿದವರ ನಿಲುವೂ ಗೌರವಾರ್ಹ. ಆದರೆ ಬೂಟು ಮನೆಯಲ್ಲಿ ಈಗಾಗಲೇ ಇರುವವರ ಮಟ್ಟಿಗೆ ವಾದ ತಿರುಗುಮುರುಗಾಗುತ್ತದೆ. ಅಪರೂಪಕ್ಕೆ ಧರಿಸುವ ವಸ್ತು ಸವೆಯುವುದು ಕಡಿಮೆ. ಸ್ವಲ್ಪವೇ ಆರೈಕೆಯಿಂದ ಅದು ತಂದೆಯ ಕಾಲಿನಿಂದ ಮಗನ ಕಾಲಿನವರೆಗೂ ಬಾಳುತ್ತದೆ.

ದುರಸ್ತಿಗಾರನ ಸ್ಥಾನ

ಮೇಲೆ ಹೇಳಿದ ಲೆಕ್ಕವೆಲ್ಲವೂ ಒಬ್ಬ ವ್ಯಕ್ತಿಯ ಮೇಲೆ ನಿಂತಿದೆ. ಮೂರು ಕಾಲಿನ ಕಬ್ಬಿಣ, ರಂಪಿಗೆ, ದಬ್ಬಳ ಇಟ್ಟುಕೊಂಡು ಕೊಡೆಯ ನೆರಳಿನಲ್ಲಿ ಕುಳಿತ ಕುಶಲಕರ್ಮಿ ಇಲ್ಲದಿದ್ದರೆ ಹೊಲಿಗೆ ಅಟ್ಟೆಯ ಬೂಟೂ ಒಂದು ಸಲ ಸವೆದ ಮೇಲೆ ಕಸವೇ. ಅಂಟಿನ ಅಟ್ಟೆಗಳ ಹಾವಳಿಯಲ್ಲಿ ಅಟ್ಟೆ ಹೊಲಿಸುವವರು ಕಡಿಮೆಯಾದರು. ಹೊಲಿಸುವವರಿಲ್ಲದೆ ಹೊಲಿಯಬಲ್ಲವರ ಮಕ್ಕಳು ಬೇರೆ ಕೆಲಸ ಹಿಡಿದರು. ಕಲ್ಯಾಣದ ಶರಣರ ನಡುವೆ ಸಮಗಾರ ಹರಳಯ್ಯನಿಗೆ ಸಂದ ಗೌರವವನ್ನು ಕೊಂಡಾಡುವ ನಾಡಿನಲ್ಲಿ ಅದೇ ಕಾಯಕ ಮಾಡುವವನು ಅಂಗಡಿಯ ಮುಂದಿನ ಮೂರಡಿ ಜಾಗಕ್ಕಾಗಿ ದಿನವೂ ಅಂಜಬೇಕಾಗಿರುವುದು ಶೋಭೆಯಲ್ಲ.

ಕೈಕೌಶಲಕ್ಕೆ ಬೆಲೆ ಇದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಮೆಟ್ಟುಗಳನ್ನು ತೋರಿಸಿ ಆಕ್ಷೇಪಕ್ಕೆ ಗುರಿಯಾಗಿ, ಬಳಿಕ ಭಾರತೀಯ ಕರಕುಶಲತೆಯ ಋಣವನ್ನು ಒಪ್ಪಿಕೊಂಡಿತು. ಹೊರದೇಶದವರು ಗುರುತಿಸಿದ ಮೇಲೆಯೇ ಸ್ವದೇಶದವರು ಗೌರವಿಸಬೇಕೆಂಬ ನಿಯಮವೇನೂ ಇಲ್ಲ.

ಕಾನೂನಿನ ಆಸರೆಯೂ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಸರಕು ಮಾರುವವರನ್ನಷ್ಟೇ ಅಲ್ಲ, ಸೇವೆ ಒದಗಿಸುವವರನ್ನೂ ಒಳಗೊಳ್ಳುತ್ತದೆ. 2020ರಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಸಾಲ ಯೋಜನೆಯಲ್ಲಿ ಪಾದರಕ್ಷೆ ದುರಸ್ತಿಯೂ ಸೇರಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಇದೂ ಒಂದು. ಉಪಕರಣಕ್ಕೆ 15,000 ರೂಪಾಯಿ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಅದರಲ್ಲಿದೆ. ಯೋಜನೆಗಳಿಗೆ ಕೊರತೆಯಿಲ್ಲ, ಅರ್ಜಿ ತುಂಬುವ, ಬ್ಯಾಂಕಿನ ಮುಂದೆ ಒಂದು ಮಾತು ಹೇಳುವ ಕೈಗಳಿಗೆ ಕೊರತೆ.

ಈ ಕೈ ವರ್ತಕರದಾಗಬಹುದು. ಪ್ರತಿ ಪಾದರಕ್ಷೆ ಅಂಗಡಿಯವರು ತಮ್ಮ ಬೀದಿಯ ಒಬ್ಬ ದುರಸ್ತಿಗಾರನೊಂದಿಗೆ ಒಡಂಬಡಿಕೆ ಮಾಡಿಕೊಂಡು ಗಿರಾಕಿಗಳ ಹಳೆಯ ಬೂಟುಗಳನ್ನು ಸ್ವೀಕರಿಸಿ, ರಸೀದಿ ಕೊಟ್ಟು, ನಿಗದಿತ ದಿನ ಮರಳಿಸುವ ಏರ್ಪಾಡು ಮಾಡಿದರೆ ಗಿರಾಕಿಗೆ ಭರವಸೆ, ದುರಸ್ತಿಗಾರನಿಗೆ ನಿತ್ಯದ ಕೆಲಸ, ಅಂಗಡಿಗೆ ಕ್ರೀಮು, ಬ್ರಷ್, ಅಚ್ಚುಗಳ ಹೊಸ ವ್ಯಾಪಾರ. ದುರಸ್ತಿಗೆ ಬಂದ ಗಿರಾಕಿ ಹೊಸದನ್ನು ಕೊಳ್ಳುವ ದಿನ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಾರ. ಅಂಗಡಿಯ ಮುಂದಿನ ಮೂರಡಿ ಜಾಗವನ್ನು ಅಡಚಣೆ ಎಂದು ಕಾಣದೆ ಹೂಡಿಕೆ ಎಂದು ಕಾಣುವುದರಲ್ಲಿಯೇ ವ್ಯಾಪಾರದ ದೂರದೃಷ್ಟಿ ಇದೆ.

ಮುಂದಿನ ಲಗ್ನದ ಹಂಗಾಮಿಗೆ ಇನ್ನೂ ಸಮಯವಿರುವಾಗಲೇ ಅಲ್ಮೇರಾದ ಕೆಳಗಿನ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಬಿರುಕು ಬಿಡದಿದ್ದರೆ ಕ್ರೀಮು ಹಚ್ಚಬೇಕು. ಅಟ್ಟೆ ಸವೆದಿದ್ದರೆ ಹತ್ತಿರದ ದುರಸ್ತಿಗಾರನ ಬಳಿ ಒಯ್ಯಬೇಕು, ಅವನು ಕೇಳಿದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡಬೇಕು. ಕಾಲಕಾಲಕ್ಕೆ ಮಾಡಿದ ಸಣ್ಣ ಖರ್ಚು ದೊಡ್ಡ ಖರ್ಚನ್ನು ತಡೆಯುತ್ತದೆ ಎಂಬ ಮಾತು ಗಿರಣಿಗೆ ಸಲ್ಲುವಂತೆ ಬೂಟಿಗೂ ಸಲ್ಲುತ್ತದೆ.